ಅಪರಾಹ್ನದಲ್ಲಿ ಹಾಜರು

ಕ್ಯಾಂಪ್, ಬೆಳಗಾವಿ
೯ ಜೂನ್ ೨೦೨೫, ಸೋಮವಾರ

ಬಸವಣ್ಣೆವ್ವ ಅಕ್ಕನಿಗೆ,

ಇಂದು ಬೆಳಿಗ್ಗೆ ಪಾಲಿಕೆ ಕಚೇರಿಯ ಫಲಕಕ್ಕೆ ಜ್ಯೇಷ್ಠತಾ ಪಟ್ಟಿ ಹಚ್ಚಿದರು. ಪ್ರಥಮ ದರ್ಜೆಯ ಹುದ್ದೆ ಒಂದೇ ಖಾಲಿ ಇದೆ. ದ್ವಿತೀಯ ದರ್ಜೆಯ ಗುಮಾಸ್ತರಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ನಿಮ್ಮದು. ಆಕ್ಷೇಪಣೆ ಇದ್ದವರು ಜುಲೈ ಒಂಬತ್ತರೊಳಗೆ ಬರೆದು ಕೊಡಬೇಕು. ಇನ್ನು ಮುಂದೆ ಈ ಹುದ್ದೆಗಳನ್ನು ಪರೀಕ್ಷೆ ಪಾಸಾಗಿ ಹೊರಗಿನಿಂದ ಬರುವವರಿಗೇ ಕೊಡುತ್ತಾರಂತೆ. ಅಂದರೆ ನಮ್ಮಿಬ್ಬರ ಪಾಲಿಗೆ ಇದು ಕೊನೆಯ ಬಡ್ತಿ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೋದ ವರ್ಷ ಸಂಬಳದ ಜಗಳದಲ್ಲಿ ನೀವು ನನಗೆ ಫೋನಿನಲ್ಲಿ ಕಳಿಸಿದ ಎರಡು ಸಾಲು ನೌಕರರ ಸಂಘದ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿದ್ದು ನೆನಪಿದೆ. ಅದಕ್ಕೇ ನಮ್ಮ ಹಳೆಯ ವಾಡಿಕೆಯಂತೆ ಕಾಗದ.

ಸಂಘದ ಈರಯ್ಯ ಫಲಕದ ಮುಂದೆ ನಿಂತು ಎಲ್ಲರಿಗೂ ತಿಳಿಹೇಳುತ್ತಿದ್ದ: "ಇಬ್ರೂ ಅನುಕಂಪದ ಮ್ಯಾಲೆ ಬಂದಾರು. ಈಕಿದು ಅಪ್ಪ ಸತ್ತಿದ್ದಕ್ಕ, ಆಕಿದು ಗಂಡ ಸತ್ತಿದ್ದಕ್ಕ. ಇಬ್ರೂ ಒಂದ ಶುಕ್ರವಾರ ಹಾಜರಾಗ್ಯಾರು. ಅರ್ಶಿಯಾ ಬಾಯಾರು ಪೂರ್ವಾಹ್ನ, ಬಸವಣ್ಣೆವ್ವಾರು ಅಪರಾಹ್ನ. ಹನ್ನೆರಡರ ಈಚಿ ಬಾಜು ಒಬ್ರು, ಆಚಿ ಬಾಜು ಒಬ್ರು. ಅಷ್ಟ ಫರಕ!"

ಯಾರೋ ಕೇಳಿದರು, ಇಬ್ಬರೂ ಒಂದೇ ಹೊತ್ತಿಗೆ ಬಂದಿದ್ದರೆ?

"ಹಂಗಿದ್ರ ವಯಸ್ಸು ನೋಡ್ತಾರು. ಬಸವಣ್ಣೆವ್ವಾರು ಮ್ಯಾಲೆ ಹೊಕ್ಕಾರು. ಆದ್ರ ಹಂಗಿಲ್ಲಲ್ಲ!"

ಎಲ್ಲರೂ ಊಟಕ್ಕೆ ಹೋದಮೇಲೆ ನಾನೊಬ್ಬಳೇ ಫಲಕದ ಎದುರು ನಿಂತೆ. ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಅದರ ಮೇಲೆ, ಹಣೆಯ ಹತ್ತಿರ, ನಮ್ಮಿಬ್ಬರ ಹೆಸರು. ಸ್ವಲ್ಪ ಬಾಗಿದರೆ ನಿಮ್ಮ ಹೆಸರು ಹಣೆಯ ಮೇಲೆ ಬರುತ್ತಿತ್ತು, ನೆಟ್ಟಗೆ ನಿಂತರೆ ನನ್ನದು. ಹೀಗೆ ಎಷ್ಟು ಹೊತ್ತು ಆಡಿದೆನೋ.

ನಿಮಗೆ ಸಿಟ್ಟು ಬಂದಿದೆಯೇ? ಬಂದಿದ್ದರೆ ಬರೆಯಿರಿ.

ನಿಮ್ಮ
ಅರ್ಶಿಯಾ


ಖಾನಾಪುರ
೧೩ ಜೂನ್ ೨೦೨೫

ಅರ್ಶಿಯಾ,

ನಿನ್ನ ಪತ್ರ ಮುಟ್ಟಿತು. ಒಂದು ತಾಸಿನ ದಾರಿಯನ್ನು ನಮ್ಮ ಟಪಾಲು ದಿನಗಟ್ಟಲೆ ನಡೆಯುತ್ತದೆ. ಇಲ್ಲಿಯವರು ಪಟ್ಟಿಯನ್ನು ಅಂದೇ ಫೋನಿನಲ್ಲಿ ತೋರಿಸಿದ್ದರು. ಆದರೂ ನಿನ್ನ ಅಕ್ಷರದಲ್ಲಿ ಓದುವವರೆಗೆ ಅದು ಬೇರೆ ಯಾರದೋ ಸುದ್ದಿ ಎನಿಸಿತ್ತು.

ಸಿಟ್ಟು ಇಲ್ಲ. ಪಟ್ಟಿಯಲ್ಲಿ ಇರುವುದು ಸರಿಯೇ. ಅಂದು ನೀನು ಬಂದವಳೇ ಒಳಗೆ ಹೋಗಿ ಸಹಿ ಮಾಡಿದೆ. ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕುಳಿತೆ. ನಿನ್ನ ಹಸಿರು ದುಪಟ್ಟಾ ಬಾಗಿಲು ದಾಟಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಶುಕ್ರವಾರದ ರಾಹುಕಾಲ ಹನ್ನೆರಡಕ್ಕೆ ಮುಗಿಯುತ್ತದೆ. ನಮ್ಮ ಅತ್ತೆ ಬಾಳವ್ವ ಮನೆಯಿಂದ ಹೊರಡುವಾಗ ಸೆರಗು ಹಿಡಿದು ನಿಲ್ಲಿಸಿ, "ಹನ್ನೆರಡ ಹೊಡಿಯೂತನಾ ಸಹಿ ಮಾಡಬ್ಯಾಡವಾ. ಮದಲ ಮನ್ಯಾಗಿಂದ ಒಂದ ಜೀವ ಹೋಗೇತಿ" ಅಂದಿದ್ದಳು. ನಾವು ಶರಣರ ಒಕ್ಕಲು, ನಮಗೆ ಎಲ್ಲ ಗಳಿಗೆಯೂ ಒಂದೇ ಎಂದು ತವರಿನಲ್ಲಿ ಕೇಳಿ ಬೆಳೆದವಳು ನಾನು. ಆದರೂ ಆಕೆಯ ಮುಖ ನೋಡಿ ಕುಳಿತೆ. ಕುಳಿತದ್ದು ನಾನು, ಹಿಂದೆ ಬಿದ್ದದ್ದೂ ನಾನು. ಇದರಲ್ಲಿ ಬೇರೆಯವರ ಪಾಲಿಲ್ಲ.

ಆಕ್ಷೇಪಣೆ ಕೊಡುವುದಿಲ್ಲ. ನೀನು ನಿಶ್ಚಿಂತಳಾಗಿರು.

ಅಪರಾಹ್ನ ಎಂಬ ಮಾತು ನನಗೆ ಇಷ್ಟವಾಯಿತೆಂದರೆ ನಗುತ್ತೀ. ಈ ಊರಿನ ಕಚೇರಿಗೆ ನನ್ನನ್ನು ನಿಯೋಜಿಸಿದ ಮೇಲೆ ನಾನು ನೋಡಿದ್ದೆಲ್ಲ ಅಪರಾಹ್ನವೇ. ಊಟವಾದ ಮೇಲೆ ಜನ ಬರುವುದಿಲ್ಲ. ಗೋವಾದ ಕಡೆಗೆ ಹೋಗುವ ಗೂಡ್ಸ್ ಗಾಡಿ ದಾಟುವಾಗ ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗುತ್ತದೆ. ಜನನ ಮರಣದ ಅರ್ಜಿಗಳು ಎರಡು ಗುಡ್ಡೆಯಾಗಿ ಪಕ್ಕಪಕ್ಕ ಕುಳಿತಿರುತ್ತವೆ. ಕಿಟಕಿಯ ಬಿಸಿಲು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಸರಿಯುತ್ತದೆ. ಯಾರೋ ನನ್ನನ್ನು ಹೆಸರು ಹಿಡಿದು ಕೂಗಿದಂತಾಗಿ ತಲೆ ಎತ್ತಿದರೆ ಯಾರೂ ಇರುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಬಸವಣ್ಣೆವ್ವ


ಕ್ಯಾಂಪ್, ಬೆಳಗಾವಿ
೧೭ ಜೂನ್ ೨೦೨೫

ಪ್ರೀತಿಯ ಬಸವಣ್ಣೆವ್ವ ಅವರಿಗೆ,

ನಿಮ್ಮ ಪತ್ರ ಓದಿ ಎದೆ ಹಗುರಾಯಿತು. ಹೌದು, ಹಸಿರು ದುಪಟ್ಟಾ. ನೀವು ಅದನ್ನೂ ನೆನಪಿಟ್ಟಿದ್ದೀರಿ.

ಮೇಲಿನವರಿಗೆ ನನ್ನ ಕೆಲಸ ಹಿಡಿಸಿದೆಯಂತೆ. ಆದೇಶ ಬಂದ ಮೇಲೆ ತೆರಿಗೆ ವಿಭಾಗದ ಒಳಕೋಣೆಯಲ್ಲಿ ಕೂರಿಸುತ್ತಾರಂತೆ. ಅಲ್ಲಿ ಕಿಟಕಿಯ ಪಕ್ಕ ಬೇರೆ ಮೇಜು ಇದೆ. ನಿಮಗೆ ಗೊತ್ತಲ್ಲ, ಈವರೆಗೂ ನಾನು ಕುಳಿತ ಕುರ್ಚಿಗಳೆಲ್ಲ ರಜೆಯ ಮೇಲೆ ಹೋದವರವು. ಅವರು ಬಂದ ದಿನ ನನ್ನ ಚೀಲ ಎತ್ತಿಕೊಂಡು ಏಳಬೇಕು. ಒಂದು ಮೇಜು ನನ್ನದೆಂದು ಇರುವುದು ಹೇಗಿರುತ್ತದೆಂದು ಯೋಚಿಸುತ್ತ ಈಗೀಗ ಬಸ್ಸಿನ ನಿಲ್ದಾಣ ತಪ್ಪಿಸಿಕೊಳ್ಳುತ್ತೇನೆ.

ಒಂದು ಕನಸು ಬಿತ್ತು. ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇನೆ. ಪ್ರತಿ ಮೆಟ್ಟಿಲಿನ ಮೇಲೂ ಒಬ್ಬೊಬ್ಬರು ಕುಳಿತು ಏನೋ ಬರೆಯುತ್ತಿದ್ದಾರೆ. ನಾನು ದಾಟಿದಾಗೆಲ್ಲ ತಲೆ ಎತ್ತದೆ ಸೆರಗು ಎಳೆದುಕೊಂಡು ದಾರಿ ಬಿಡುತ್ತಾರೆ. ಮೇಲೆ ಹೋಗಿ ನೋಡಿದರೆ ಬಾಗಿಲಿನ ಆಚೆ ಬಯಲು, ಬರೀ ಬೆಳಕು. ಎಚ್ಚರವಾದಾಗ ಬೇಸರವಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಬೇಕಿತ್ತು ಎನಿಸಿತು.

ಅಮ್ಮನಿಗೆ ಬಡ್ತಿಯ ಸುದ್ದಿ ಹೇಳಿದೆ. ಕುಂದಾ ತಂದಿದ್ದೆ. ಡಬ್ಬಿ ತೆರೆಯುವ ಮೊದಲು ಕೇಳಿದಳು, "ಬಡೀ ತೋ ಉನೋಚ್ ಹೈ ನಾ?" ದೊಡ್ಡವಳು ಅವಳೇ ಅಲ್ಲವೇ, ಅಂತ. ಹೌದಮ್ಮಾ, ವಯಸ್ಸಿನಲ್ಲಿ ಮಾತ್ರ ಅಂದೆ. ಅಮ್ಮ ಡಬ್ಬಿ ತೆರೆದಳು. ಕುಂದಾ ತಿಂದಳು.

ಆದೇಶ ಕೈಗೆ ಬಂದ ದಿನ ಖಾನಾಪುರಕ್ಕೆ ಬರುತ್ತೇನೆ.

ಅರ್ಶಿಯಾ


ಖಾನಾಪುರ
೨೩ ಜೂನ್ ೨೦೨೫

ಅರ್ಶಿಯಾ,

ಈ ಸಲದ ಪತ್ರದಲ್ಲಿ ನಾನು ನಿನಗೆ ಅಕ್ಕ ಆಗಿರಲಿಲ್ಲ. ಹಾಳೆಯಲ್ಲಿ ಜಾಗ ಸಾಲಲಿಲ್ಲವೇನೋ. ತಮಾಷೆಗೆ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಕನಸಿನ ಮೆಟ್ಟಿಲುಗಳ ಮೇಲೆ ನಾನೂ ಇದ್ದೆನೇ? ನೀನು ಮುಖ ನೋಡಲಿಲ್ಲ ಎಂದು ಕಾಣುತ್ತದೆ.

ಇಲ್ಲಿ ಮೋಡ ಬಹಳ ಕೆಳಗೆ ಇಳಿದಿದೆ. ಬೆಳಿಗ್ಗೆ ಕಚೇರಿಗೆ ನಡೆದು ಹೋಗುವಾಗ ಮಲಪ್ರಭೆಯ ಮೇಲೆ ಹೊಗೆಯಂಥ ಬಿಳುಪು ನಿಂತಿರುತ್ತದೆ. ಎದುರಿನಿಂದ ಬರುವವರು ಹತ್ತಿರ ಬರುವವರೆಗೆ ಯಾರೆಂದು ಗೊತ್ತಾಗುವುದಿಲ್ಲ. ಎಲ್ಲರನ್ನೂ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಮಾತಾಡಿಸಿಬಿಡುತ್ತೇನೆ, ಒಂದಾದರೂ ಹತ್ತುತ್ತದೆ. ನಿನ್ನೆ ಭಾನುವಾರ, ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಆ ಮೋಡದೊಳಗೆ ಒಂದು ವಿಮಾನ ಸದ್ದು ಮಾಡುತ್ತ ಸುತ್ತುತ್ತಿತ್ತು. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯಲು ಜಾಗ ಕಾಣದೆ ಕಾಯುತ್ತಿತ್ತೋ ಏನೋ. "ಅವರೂ ರಾಹುಕಾಲ ನೋಡಿ ಇಳಸ್ತಾರೇನ್ರಿ?" ಎಂದು ನೀನು ಕೇಳಿದ್ದು ನೆನಪಾಗಿ ಒಬ್ಬಳೇ ನಕ್ಕೆ. ಅತ್ತೆ ಒಳಗಿನಿಂದಲೇ, "ಯಾಕ, ಹುಚ್ಚ ಹಿಡದೈತೇನ?" ಅಂದಳು. ಆಕೆಗೆ ಈಗ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಚುರುಕು.

ಹೊಸ ಮೇಜಿಗೆ ನನ್ನ ಹಾರೈಕೆ.

ಬಸವಣ್ಣೆವ್ವ


ಕ್ಯಾಂಪ್, ಬೆಳಗಾವಿ
೨೭ ಜೂನ್ ೨೦೨೫

ಅಕ್ಕಾ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಿದೆ, ಮನೆಯಲ್ಲಿ ಓದಿದೆ. ಆ ವಿಮಾನದ ಮಾತನ್ನು ನಾನು ನಿಮಗೆ ಎಲ್ಲಿ ಹೇಳಿದೆ?

ಆ ಬೆಂಚಿನ ಮೇಲೆ ಹೇಳಿದೆ. ಅಂದೇ. ನೀವು ಗಡಿಯಾರ ಇಲ್ಲದ ಕೈಯನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಿರಿ. ನಗಿಸಬೇಕೆಂದು ಹೇಳಿದೆ, ನೀವು ನಕ್ಕಿರಿ. ನಾನು ಬಂದವಳೇ ಒಳಗೆ ಹೋಗಿ ಸಹಿ ಮಾಡಿದ್ದರೆ ನಿಮ್ಮ ಪಕ್ಕದಲ್ಲಿ ಕುಳಿತು ಅದನ್ನು ಕೇಳಿದವರು ಯಾರು? ಹನ್ನೆರಡು ಹೊಡೆದ ಮೇಲೆ ನಾವಿಬ್ಬರೂ ಒಟ್ಟಿಗೇ ಎದ್ದು ಒಳಗೆ ಹೋದೆವು. ಮೊದಲು ನೀವು ಸಹಿ ಮಾಡಿದಿರಿ, ಅದೇ ಪೆನ್ನನ್ನು ನನಗೆ ಕೊಟ್ಟಿರಿ. ನಿಮಗೆ ಎಲ್ಲವೂ ನೆನಪಿದೆ. ಒಬ್ಬಳೇ ಕುಳಿತೆ ಎಂದು ಯಾಕೆ ಬರೆದಿರಿ? ಹಸಿರು ದುಪಟ್ಟಾ ನನ್ನ ಹತ್ತಿರ ಇರಲೇ ಇಲ್ಲ.

ನಾನು ಅದಕ್ಕೆ ಹೌದು ಎಂದೆ. ಪಟ್ಟಿಯಲ್ಲಿ ಪೂರ್ವಾಹ್ನ ಎಂದು ನೋಡಿದ ಕ್ಷಣವೇ ಅದು ತಪ್ಪೆಂದು ನನಗೆ ಗೊತ್ತಿತ್ತು. ನಿಮಗೆ ಮರೆತಿದೆ ಎಂದುಕೊಂಡು, ಮರೆತಿರಲಿ ಎಂದು ಬಯಸಿದೆ.

ನಿನ್ನೆ ಸಂಜೆ ರಾಮತೀರ್ಥ ನಗರಕ್ಕೆ ಹೋಗಿ ರಾಮಲಿಂಗ ಸರ್ ಅವರನ್ನು ಕಂಡೆ. ಆಗ ನಾವಿಬ್ಬರೂ ಕೆಲಸಕ್ಕೆ ಹಾಜರಾದ ವರದಿಯ ಮೇಲೆ ವೇಳೆ ಬರೆದ ಮೇಲ್ವಿಚಾರಕರು ಅವರೇ ಅಲ್ಲವೇ. ನಿವೃತ್ತಿಯಾದ ಮೇಲೆ ದಪ್ಪಗಾಗಿದ್ದಾರೆ. ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಪೇಢೆ ಎಲ್ಲಿ?"

"ಇನ್ನೂ ಆಗಿಲ್ರಿ ಸರ್. ಒಂದ ಮಾತ ಕೇಳಾಕ ಬಂದೇನ್ರಿ. ಅವತ್ತ ನಾನೂ ಹನ್ನೆರಡಾದ ಮ್ಯಾಲೇನ ಸಹಿ ಮಾಡಿದ್ನಿ. ನನ್ನ ಮುಂದ ಪೂರ್ವಾಹ್ನ ಅಂತ ಯಾಕ ಬರದ್ರಿ?"

ಅವರು ನೀರು ನಿಲ್ಲಿಸದೆ ಯೋಚಿಸಿದರು. ಆಮೇಲೆ ನಕ್ಕರು. "ವ್ಯಾಳ್ಯಾ ಎಲ್ಲಾ ನಾ ಸಂಜಿಮುಂದ ಬರೀತಿದ್ನಿ. ಹೊರಗ ಒಬ್ಬಾಕಿ ರಾಹುಕಾಲಕ್ಕ ಕುಂತಾಳಂತ ಆಫೀಸಿನ ಮಂದಿಯೆಲ್ಲಾ ನಗಾಕತ್ತಿತ್ತು. ಆಕಿಗೆ ಅಪರಾಹ್ನ ಬರದೆ. ನಿಮ್ಮ ಮಂದ್ಯಾಗ ರಾಹುಕಾಲ ಎಲ್ಲೈತಿ? ನೀ ಬಂದಾಕಿನ ಸಹಿ ಒಗದಿರ್ತಿ ಅಂತ ತಿಳಕೊಂಡೆ."

"ಒಂದ ಮಾತ ಕೇಳಬೇಕಿತ್ತಲ್ರಿ ನನ್ನ."

"ಅದರಾಗ ಕೇಳೂದೇನೈತಿ ಬೇ? ಈಗ ನಿನಗ ಛಲೋನ ಆತಲ್ಲ! ಮ್ಯಾಲಿನವರು ಕೇಳಿದ್ರ ಇದ್ದದ್ದ ಹೇಳ್ತೇನಿ. ಕೇಳಲಿಲ್ಲಂದ್ರ ನಾ ಯಾಕ ಹೇಳ್ಲಿ?"

ನೀರು ಹರಿದು ನನ್ನ ಚಪ್ಪಲಿಯ ಕೆಳಗೆ ಬಂದಿತ್ತು. ಎದ್ದು ಬಂದೆ.

ಇನ್ನೊಂದು ಮಾತು. ಅಂದು ನಾನು ನಿಮಗಾಗಿ ಕುಳಿತಿರಲಿಲ್ಲ. ನನಗೆ ಹತ್ತೊಂಬತ್ತು. ಬಾಗಿಲಿನಿಂದ ನೋಡಿದರೆ ಒಳಗೆ ಬರೀ ಗಂಡಸರು. ಅಪ್ಪ ನೀರು ಬಿಡುವ ಕೆಲಸಕ್ಕೆ ಹೋಗುತ್ತಿದ್ದ ಅದೇ ಬಾಗಿಲು. ಒಬ್ಬಳೇ ದಾಟಲು ಕಾಲು ಬರಲಿಲ್ಲ. ಹೊರಗೆ ಒಬ್ಬ ಹೆಂಗಸು ಕುಳಿತದ್ದು ಕಂಡು ಪಕ್ಕದಲ್ಲಿ ಕುಳಿತೆ. ನಿಮ್ಮ ಜೊತೆಗೆ ಒಳಗೆ ಹೋಗಬಹುದಲ್ಲ ಎಂದು. ಅಷ್ಟೇ.

ಈಗ ನೀವೇ ಹೇಳಿ, ನಾನು ಏನು ಮಾಡಲಿ? ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ. ನಿಜ ಹೇಳುತ್ತೇನೆ ಅಕ್ಕಾ, ಸುಮ್ಮನಿರು ಎಂದು ನೀವು ಬರೆದರೆ ನನಗೆ ಸಂತೋಷವಾಗುತ್ತದೆ.

ಅರ್ಶಿಯಾ


ಕ್ಯಾಂಪ್, ಬೆಳಗಾವಿ
೧ ಜುಲೈ ೨೦೨೫

ಅಕ್ಕಾ,

ಉತ್ತರ ಬಂದಿಲ್ಲ. ಟಪಾಲಿನ ತಡವೋ, ನಿಮ್ಮ ತಡವೋ?

ಇಂದು ಒಳಕೋಣೆಯ ಆ ಮೇಜನ್ನು ಒರೆಸಿ ಇಟ್ಟಿದ್ದರು. ಯಾರೂ ಇಲ್ಲದಾಗ ಹೋಗಿ ಕುಳಿತು ನೋಡಿದೆ. ಕಿಟಕಿಯ ಹೊರಗೆ ಮೋಡ ನಿಧಾನವಾಗಿ ಒಂದೇ ಕಡೆ ಹೋಗುತ್ತಿತ್ತು. ಕಟ್ಟಡವೇ ಹಿಂದೆ ಹಿಂದೆ ಸರಿಯುತ್ತಿದೆ ಎನಿಸಿ ಮೇಜಿನ ಅಂಚನ್ನು ಹಿಡಿದುಕೊಂಡೆ. ಈರಯ್ಯ ಬಾಗಿಲಲ್ಲಿ ಕಂಡು, "ಏನ್ರಿ ಬಾಯಾರ, ಆದೇಶ ಬರೂಕಿಂತ ಮದಲ ಕುಂತ್ರಿ?" ಅಂದ. ಎದ್ದೆ.

ಒಂದು ಸಾಲಾದರೂ ಬರೆಯಿರಿ.

ಅರ್ಶಿಯಾ


ಖಾನಾಪುರ
೪ ಜುಲೈ ೨೦೨೫, ಶುಕ್ರವಾರ

ಅರ್ಶಿಯಾ,

ತಡ ನನ್ನದೇ. ನಿನ್ನ ಎರಡೂ ಪತ್ರ ಕಿಟಕಿಯ ಮೇಲೆ ಇವೆ. ಮೊದಲನೆಯದನ್ನು ಓದಿದ ದಿನ ಬರೆಯಲು ಕುಳಿತರೆ ಕೈ ಓಡಲಿಲ್ಲ. ಬೇಸರದಿಂದ ಅಲ್ಲ. ಇಷ್ಟು ವರ್ಷ ಹೊತ್ತುಕೊಂಡಿದ್ದ ಒಂದು ಭಾರ ತಲೆಯ ಮೇಲಿನಿಂದ ಇಳಿದಿತ್ತು, ಕುತ್ತಿಗೆ ಇನ್ನೂ ಅದಕ್ಕೆ ಹೊಂದಿಕೊಂಡಿರಲಿಲ್ಲ.

ಯಾಕೆ ಒಬ್ಬಳೇ ಕುಳಿತೆ ಎಂದು ಬರೆದೆ ಎಂದು ಕೇಳಿದ್ದೀ. ನಮ್ಮವರು ಹೋದ ಮೇಲೆ ನನ್ನ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ಬಂದವರೆಲ್ಲ ಎದುರಿಗೆ ಕುಳಿತು ಮುಖ ನೋಡಿ ಹೋಗುತ್ತಿದ್ದರು. ಅಂದು ಬೆಂಚಿನ ಮೇಲೆ ನೀನು ಬಂದು ಕುಳಿತೆ. ರಾಹುಕಾಲ ನಿನಗೆ ಸಂಬಂಧವಿಲ್ಲದ ವಿಷಯ. ಆದರೂ ನೀನು ಗೊತ್ತಿಲ್ಲದ ಹೆಂಗಸಿನ ಜೊತೆ ಬಿಸಿಲಿನಲ್ಲಿ ಕಾದೆ. ಇವಳು ನನಗಾಗಿ ಕುಳಿತಿದ್ದಾಳೆ ಎಂದುಕೊಂಡೆ. ಈ ಋಣ ಹೇಗೆ ತೀರಿಸಲಿ ಎಂದು ಆಗಾಗ ಯೋಚಿಸುತ್ತಿದ್ದೆ. ನನ್ನನ್ನು ಖಾನಾಪುರಕ್ಕೆ ನಿಯೋಜಿಸಿದಾಗ ನಿನ್ನ ಹೆಸರೂ ಅದೇ ಕಡತದಲ್ಲಿತ್ತು. ನಾನು ಹೋಗುತ್ತೇನೆ ಎಂದು ಮೊದಲು ಕೈ ಎತ್ತಿದ್ದು ಅದಕ್ಕೇ. ಇದನ್ನು ಹೇಳಬಾರದೆಂದಿದ್ದೆ. ಪಟ್ಟಿ ಬಂದ ದಿನ ರಾಮಲಿಂಗ ಸರ್ ಮಾಡಿದ ತಪ್ಪು ನನಗೂ ತಕ್ಷಣ ಗೊತ್ತಾಯಿತು. ಆ ಬೆಳಗನ್ನು ಸಾಕ್ಷಿಗೆ ನಿಲ್ಲಿಸುವುದಕ್ಕಿಂತ ಅದನ್ನು ನಿನಗೆ ಕೊಟ್ಟುಬಿಡುವುದು ಚೆಂದ ಎನಿಸಿತು. ಹಸಿರು ದುಪಟ್ಟಾ ನನ್ನ ಕಡೆಯಿಂದ. ಬರೆದು ಮುಗಿಸುವ ಹೊತ್ತಿಗೆ ಅದು ಹಾರುವುದು ನಿಜಕ್ಕೂ ಕಾಣುತ್ತಿತ್ತು.

ನೀನು ಹೆದರಿ ಕುಳಿತೆ. ನಾನೂ ಹೆದರಿಯೇ ಕುಳಿತಿದ್ದೆ. ಇಬ್ಬರು ಅಂಜಿದ ಹೆಂಗಸರು ಒಂದು ಬೆಂಚಿನ ಮೇಲೆ. ಇದರಲ್ಲಿ ಯಾರ ಋಣ ಯಾರ ಮೇಲೆ? ನಿನ್ನ ಆ ನಾಲ್ಕು ಸಾಲು ಓದಿದಾಗ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಅದು ಬೇರೆ ಬಣ್ಣಕ್ಕೆ ತಿರುಗಿತು.

ಸುಮ್ಮನಿರು ಎಂದು ನಾನು ಬರೆದರೆ ನಿನಗೆ ಸಂತೋಷ ಎಂದಿದ್ದೀ. ಆ ಮಾತನ್ನು ಅಷ್ಟು ನೇರವಾಗಿ ಬರೆದದ್ದು ನನಗೆ ಹಿಡಿಸಿತು. ನಾನೂ ನೇರವಾಗಿ ಬರೆಯುತ್ತೇನೆ. ನನಗೆ ಆ ಹುದ್ದೆ ಬೇಕು. ಖಾನಾಪುರದ ಅಪರಾಹ್ನಗಳನ್ನು ನಾನು ಚೆಂದ ಮಾಡಿ ಬರೆದೆ. ಚೆಂದ ಇರುವುದೂ ನಿಜ. ಆದರೆ ಲೋಟದ ನೀರು ನಡುಗುವುದನ್ನು ನೋಡುತ್ತ ಒಬ್ಬಳು ಎಷ್ಟು ವರ್ಷ ಕೂರಬಹುದು? ಕಿಟಕಿಯ ಪಕ್ಕದ ಮೇಜು ನನಗೂ ಕನಸಿನಲ್ಲಿ ಬರುತ್ತದೆ. ನಾನು ಕಿರಿಯವಳ ಕೆಳಗೆ ಕೆಲಸ ಮಾಡಬಲ್ಲೆ. ನಡೆಯದೇ ಇದ್ದ ಒಂದು ಮುಂಜಾನೆಯ ಕೆಳಗೆ ಮಾಡಲಾರೆ.

ಅತ್ತೆಗೆ ಹೇಳಿದೆ. ಅರ್ಜಿಯಲ್ಲಿ ರಾಹುಕಾಲ ಎಂದು ಬರೆಯಬೇಕಾಗುತ್ತದೆ, ಕಚೇರಿಯ ಮಂದಿ ಮತ್ತೆ ನಗುತ್ತಾರೆ ಅಂದೆ. ಆಕೆ, "ನಗಲಿ ಬಿಡ. ನಾ ಹೇಳಿದ್ನೆಪಾ, ಅದಕ್ಕ ಕುಂತಾಳ ಅಂತ ನನ್ನ ಹೆಸರ ಬರಿ. ನನ್ನ ಹೆಸರ ಸರಕಾರದ ಕಾಗದದಾಗ ಎಲ್ಯೂ ಇಲ್ಲ" ಅಂದಳು. ನಗು ಬಂತು.

ಆದ್ದರಿಂದ ಕೇಳು. ನಾನು ಆಕ್ಷೇಪಣೆ ಕೊಡುವವಳಿದ್ದೇನೆ. ಹನ್ನೆರಡು ಹೊಡೆಯುವವರೆಗೆ ಕುಳಿತೆ, ಯಾಕೆ ಕುಳಿತೆ, ಪಕ್ಕದಲ್ಲಿ ನೀನು ಕುಳಿತಿದ್ದೆ, ಇಬ್ಬರೂ ಒಂದೇ ಪೆನ್ನಿನಿಂದ ಸಹಿ ಮಾಡಿದೆವು, ಇಷ್ಟನ್ನೇ ಬರೆಯುತ್ತೇನೆ. ನೀನು ಯಾಕೆ ಕುಳಿತೆ ಎಂಬುದನ್ನು ಬರೆಯುವುದಿಲ್ಲ. ಅದು ನಿನ್ನದು. ನಿನ್ನನ್ನು ಕರೆದು ಕೇಳಿದರೆ ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಇಲ್ಲ ಎಂದರೂ ನೀನು ನನಗೆ ಅರ್ಶಿಯಾನೇ. ಆದರೆ ನನ್ನ ಒಪ್ಪಿಗೆಯನ್ನು ಮುಂದಿಟ್ಟುಕೊಂಡು ಸುಮ್ಮನಿರಬೇಡ. ಆ ಒಪ್ಪಿಗೆಯನ್ನು ಇಂದು ಹಿಂದಕ್ಕೆ ಪಡೆದಿದ್ದೇನೆ.

ಈ ಪತ್ರ ನಿನಗೆ ಸೋಮವಾರ ಮುಟ್ಟಬಹುದು. ಮಂಗಳವಾರಕ್ಕೆ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಬೆಳಗಿನ ಗಾಡಿಗೆ ಬೆಳಗಾವಿಗೆ ಬಂದು ಅರ್ಜಿಯನ್ನು ನಾನೇ ಕೊಡುತ್ತೇನೆ. ಇನ್ನೂ ಬರೆದಿಲ್ಲ. ಬರೆಯುವುದು ನಿಶ್ಚಯವಾಗಿದೆ.

ನಿನ್ನ ಅಕ್ಕ
ಬಸವಣ್ಣೆವ್ವ